ಹೆಸರು ಮತ್ತು ನೆಲೆ: ಶಾಸನ ಸಂಪುಟಗಳ ಗಣಕ ಓದಿನಲ್ಲಿ ತಂತ್ರಾಂಶಗಳನ್ನು ಸುರಕ್ಷಿತವಾಗಿ ಗುರುತಿಸುವ ಕ್ರಮ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಆಧರಿಸಿ ಸಂಶೋಧನೆ ನಡೆಸುವವರಿಗೆ ಒಂದು ತೊಡಕು ಚಿರಪರಿಚಿತವಾದುದು. ಅಡಿಟಿಪ್ಪಣಿಯೊಂದರಲ್ಲಿ ‘ಎ.ಕ. 4, ನಾಗಮಂಗಲ 85’ ಎಂದಿದ್ದರೆ ಅದು ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿರುವ, ಗಂಗ ದೊರೆ ಶ್ರೀಪುರುಷನ ದೇವರಹಳ್ಳಿ ತಾಮ್ರಶಾಸನವನ್ನು ಸೂಚಿಸುತ್ತದೆ. ಆದರೆ ಮೈಸೂರು ವಿಶ್ವವಿದ್ಯಾನಿಲಯವು ಹೊರತಂದ ಪರಿಷ್ಕೃತ ಆವೃತ್ತಿಯ ನಾಲ್ಕನೆಯ ಸಂಪುಟವನ್ನು ತೆರೆದವರಿಗೆ ಅಲ್ಲಿ ನಾಗಮಂಗಲವೇ ಸಿಗುವುದಿಲ್ಲ. ಚಾಮರಾಜನಗರ, ಯಳಂದೂರು ಮೊದಲಾದ ತಾಲ್ಲೂಕುಗಳು ಎದುರಾಗುತ್ತವೆ. ನಾಗಮಂಗಲದ ಶಾಸನಗಳು ಪರಿಷ್ಕೃತ ಆವೃತ್ತಿಯಲ್ಲಿ 1979ರ ಏಳನೆಯ ಸಂಪುಟಕ್ಕೆ ಸೇರಿವೆ. ಉಳಿದ ಮೂರು ತಾಲ್ಲೂಕುಗಳವು 1977ರ ಆರನೆಯ ಸಂಪುಟದಲ್ಲಿವೆ. ರೈಸ್ ಅವರ ಆರನೆಯ ಸಂಪುಟವಾದರೋ ಅಂದಿನ ಕಡೂರು ಜಿಲ್ಲೆಯದು, ಏಳನೆಯದು ಶಿವಮೊಗ್ಗದ್ದು. ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ತೊಣ್ಣೂರುಗಳ ಶಾಸನಗಳು ರೈಸ್ ಅವರ 1894ರ ಮೂರನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣದ ಕ್ರಮಸಂಖ್ಯೆಗಳನ್ನು ಪಡೆದಿದ್ದವು. ಹೀಗೆ ಒಂದೇ ಹೆಸರು ಎರಡು ಬೇರೆ ಶಾಸನಗಳಿಗೂ, ಒಂದೇ ಶಾಸನ ಎರಡು ಬೇರೆ ಹೆಸರುಗಳಿಗೂ ಒಳಗಾಗಿದೆ. ಓದುಗನು ಯಾವ ಸಂಪುಟವನ್ನು ಮೊದಲು ಕೈಗೆತ್ತಿಕೊಳ್ಳುತ್ತಾನೆ ಎಂಬುದರ ಮೇಲೆ ಅವನಿಗೆ ದೊರೆಯುವ ಶಾಸನ ನಿರ್ಧಾರವಾಗುತ್ತದೆ.

ಈ ಸಂಪುಟಗಳನ್ನು ಗಣಕಯಂತ್ರದ ನೆರವಿನಿಂದ ಓದಿಸುವ ಕಾರ್ಯದಲ್ಲಿ ಇದೇ ತೊಡಕು ಮತ್ತೊಂದು ರೂಪದಲ್ಲಿ ತಲೆದೋರುತ್ತದೆ. ಅಲ್ಲಿ ದಾರಿ ತಪ್ಪುವುದು ಶಾಸನದ ಸಂಖ್ಯೆಯಲ್ಲ, ಶಾಸನವನ್ನು ಓದುವ ತಂತ್ರಾಂಶದ ಹೆಸರು. ವಿದ್ವಾಂಸರ ಗಮನ ಈ ಕಡೆಗೆ ಹರಿದಿರುವುದು ಕಡಿಮೆ. ಓದಿನಲ್ಲಾದ ದೋಷವನ್ನು ಅಕ್ಷರದ ಸವಕಳಿಗೋ ಮುದ್ರಣದ ಮಸುಕಿಗೋ ಆರೋಪಿಸಿ ಮುಂದೆ ಸಾಗುವುದೇ ರೂಢಿ. ಒಂದು ತಂತ್ರಾಂಶವನ್ನು ಹೆಸರು ಹಿಡಿದು ಕರೆದಾಗ ಗಣಕವು ಅದನ್ನು ಎಲ್ಲೆಲ್ಲಿ, ಯಾವ ಅನುಕ್ರಮದಲ್ಲಿ ಹುಡುಕುತ್ತದೆ, ಆ ಅನುಕ್ರಮವು ಒಂದು ಕಾರ್ಯಾಚರಣ ವ್ಯವಸ್ಥೆಯಿಂದ ಮತ್ತೊಂದಕ್ಕೆ ಹೇಗೆ ಬದಲಾಗುತ್ತದೆ, ಅದರಿಂದ ಒದಗುವ ಅಪಾಯವನ್ನು ತಪ್ಪಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಓದಿಸುವ ಕೆಲಸದ ಹಂತಗಳು

ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿ ಮಾರ್ಪಡಿಸಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಟೆಸೆರಾಕ್ಟ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಆರಂಭವಾದ ಇದು 2005ರಲ್ಲಿ ಮುಕ್ತವಾಯಿತು. ಅನಂತರ ಗೂಗಲ್ ಇದರ ಬೆಳವಣಿಗೆಗೆ ಆಸರೆಯಾಯಿತು. ಕನ್ನಡ ಲಿಪಿಯನ್ನು ಗುರುತಿಸಲು ತರಬೇತುಗೊಳಿಸಿದ ದತ್ತಾಂಶ ಕಡತ ಇದಕ್ಕೆ ಲಭ್ಯವಿದೆ. ಪುಟದ ಓರೆಯನ್ನು ಸರಿಪಡಿಸಿ, ಕಲೆಗಳನ್ನು ಅಳಿಸಿ, ಚಿತ್ರವನ್ನು ಓದಿಗೆ ಅಣಿಗೊಳಿಸಲು ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದು ತಂತ್ರಾಂಶವನ್ನು ಬಳಸುವುದುಂಟು. ನೂರಾರು ಪುಟಗಳಿಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ನಡೆಸುವ ಮೇಸ್ತ್ರಿಯ ಕೆಲಸವನ್ನು ಪೈಥಾನ್ ಭಾಷೆಯಲ್ಲಿ ಬರೆದ ಹತ್ತಿಪ್ಪತ್ತು ಸಾಲುಗಳ ಒಂದು ಕಿರು ಕಾರ್ಯಕ್ರಮ ನಿರ್ವಹಿಸುತ್ತದೆ.

ಈ ಮೇಸ್ತ್ರಿಗೆ ತಾನೇ ಓದಲು ಬಾರದು. ಅದು ‘ಟೆಸೆರಾಕ್ಟ್’ ಎಂದು ಕೂಗುತ್ತದೆ. ಆ ಹೆಸರಿನವರು ಯಾರೋ ಬಂದು ಕೆಲಸ ಮಾಡಿ ಹೋಗುತ್ತಾರೆ. ಬಂದವರು ಯಾರು ಎಂಬುದನ್ನು ನಿರ್ಧರಿಸುವುದು ಕಾರ್ಯಾಚರಣ ವ್ಯವಸ್ಥೆ.

ಹುಡುಕುವ ದಾರಿ

ಯುನಿಕ್ಸ್ ಪರಂಪರೆಯಲ್ಲಿ ಇದಕ್ಕೆ ‘ಪಾತ್’ ಎಂಬ ಪಟ್ಟಿಯೊಂದಿದೆ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನೊಂದಿಗೆ ಬಳಕೆಗೆ ಬಂದ ಈ ಏರ್ಪಾಡು ಇಂದಿನ ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿಯೂ ಮುಂದುವರಿದಿದೆ. ಪಟ್ಟಿಯಲ್ಲಿ ಕಡತಕೋಶಗಳ ಹೆಸರುಗಳು ವಿವರಣ ಚಿಹ್ನೆಯಿಂದ ಬೇರ್ಪಟ್ಟು ಸಾಲಾಗಿರುತ್ತವೆ. ವ್ಯವಸ್ಥೆಯು ಮೊದಲ ಕೋಶದಿಂದ ಆರಂಭಿಸಿ ಒಂದೊಂದರಲ್ಲಿಯೂ ಕರೆದ ಹೆಸರಿನ ಕಡತವಿದೆಯೇ, ಅದಕ್ಕೆ ನಡೆಸುವ ಅನುಮತಿ ಇದೆಯೇ ಎಂದು ನೋಡುತ್ತದೆ. ಮೊದಲು ಸಿಕ್ಕಿದುದನ್ನೇ ನಡೆಸುತ್ತದೆ. ಎರಡನೆಯದು ಇದೆಯೇ ಎಂದು ವಿಚಾರಿಸುವುದಿಲ್ಲ. ಹುಡುಕುವವನು ನಿಂತಿರುವ ಕೋಶ, ಅಂದರೆ ಪ್ರಸ್ತುತ ಕೋಶ, ಪಟ್ಟಿಯಲ್ಲಿ ಹೇಳದ ಹೊರತು ಲೆಕ್ಕಕ್ಕಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಿಯಲ್ಲಿ ಎರಡು ಚಿಹ್ನೆಗಳು ಒಟ್ಟೊಟ್ಟಿಗೆ ಬಂದು ನಡುವೆ ಏನೂ ಇಲ್ಲದಿದ್ದರೆ ಆ ಖಾಲಿ ಸ್ಥಾನಕ್ಕೆ ‘ಪ್ರಸ್ತುತ ಕೋಶ’ ಎಂಬ ಅರ್ಥ ಬರುತ್ತದೆ. ಪಟ್ಟಿಯ ಕೊನೆಯಲ್ಲಿ ಅಜಾಗರೂಕತೆಯಿಂದ ಉಳಿದ ಒಂದು ಚಿಹ್ನೆ ಸಾಕು, ಮುಚ್ಚಿದ ಬಾಗಿಲು ತೆರೆದಂತಾಗುತ್ತದೆ.

ವಿಂಡೋಸ್ ವ್ಯವಸ್ಥೆಯಲ್ಲಿಯೂ ‘ಪಾತ್’ ಇದೆ. ಬೇರ್ಪಡಿಸುವ ಚಿಹ್ನೆ ಅರ್ಧವಿರಾಮ. ಹೋಲಿಕೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಡಾಸ್ ಕಾಲದಿಂದ ಬಂದ ಆದೇಶ ಕಿಟಕಿಯು ಹೆಸರನ್ನು ಮೊದಲು ಪ್ರಸ್ತುತ ಕೋಶದಲ್ಲಿ ಹುಡುಕುತ್ತದೆ, ಅನಂತರ ‘ಪಾತ್’ ಪಟ್ಟಿಗೆ ಹೋಗುತ್ತದೆ. ಹೆಸರಿನ ಜೊತೆ ಬಾಲವಿಲ್ಲದಿದ್ದರೆ ಕಾಮ್, ಇಎಕ್ಸ್‌ಇ, ಬ್ಯಾಟ್ ಮೊದಲಾದ ಬಾಲಗಳನ್ನು ನಿಗದಿಯಾದ ಕ್ರಮದಲ್ಲಿ ತಾನೇ ಅಂಟಿಸಿ ನೋಡುತ್ತದೆ. ಒಂದು ಫ್ಲಾಪಿ ತಟ್ಟೆಯಲ್ಲಿ ಕಾರ್ಯಕ್ರಮವೂ ಅದರ ಕಡತಗಳೂ ಒಟ್ಟಿಗೆ ಇರುತ್ತಿದ್ದ ಕಾಲಕ್ಕೆ ಈ ಕ್ರಮ ಸಹಜವಾಗಿಯೇ ಇತ್ತು. ಅದನ್ನು ಮೂರ್ಖತನವೆಂದು ಹಳಿಯುವುದು ನ್ಯಾಯವಲ್ಲ. ತೊಂದರೆಯಾದುದು ಅಪರಿಚಿತರ ಕಡತಗಳು ನಮ್ಮ ಕೋಶಗಳಿಗೆ ಬರತೊಡಗಿದ ಮೇಲೆ.

ಆದೇಶ ಕಿಟಕಿಯ ಮೂಲಕ ಹೋಗದೆ ಒಂದು ಕಾರ್ಯಕ್ರಮವು ಇನ್ನೊಂದನ್ನು ನೇರವಾಗಿ ಕರೆದಾಗ ವಿಂಡೋಸ್ ಅನುಸರಿಸುವ ಅನುಕ್ರಮ ಮತ್ತೆ ಬೇರೆ. ಕರೆಯುವ ಕಾರ್ಯಕ್ರಮವು ನೆಲೆಸಿರುವ ಕೋಶ ಮೊದಲು, ಪ್ರಸ್ತುತ ಕೋಶ ಅನಂತರ, ಬಳಿಕ ವಿಂಡೋಸ್‌ನ ಸ್ವಂತ ಕೋಶಗಳು, ಕಟ್ಟಕಡೆಗೆ ‘ಪಾತ್’ ಪಟ್ಟಿ. ಬಾಲಗಳ ಪೈಕಿ ಇಎಕ್ಸ್‌ಇ ಒಂದನ್ನೇ ತಾನಾಗಿ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಒಂದೇ ಗಣಕದಲ್ಲಿ, ಒಂದೇ ಹೆಸರಿಗೆ, ಕೈಯಿಂದ ಟೈಪು ಮಾಡಿದಾಗ ಒಂದು ಉತ್ತರವೂ ಪೈಥಾನ್ ಮೇಸ್ತ್ರಿ ಕರೆದಾಗ ಇನ್ನೊಂದು ಉತ್ತರವೂ ಬರುವುದು ಸಾಧ್ಯ. ‘ಕೈಯಲ್ಲಿ ನಡೆಸಿದರೆ ಸರಿಯಾಗಿದೆ, ಕಾರ್ಯಕ್ರಮದಿಂದ ನಡೆಸಿದರೆ ಕೆಡುತ್ತದೆ’ ಎಂಬ ಆಗಾಗ ಕೇಳಿಬರುವ ದೂರಿನ ಹಿಂದೆ ಎಷ್ಟೋ ವೇಳೆ ಇರುವುದು ಈ ಭೇದವೇ.

ಇದಕ್ಕೆ ಇಮೇಜ್‌ಮ್ಯಾಜಿಕ್‌ಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಆ ತಂತ್ರಾಂಶದ ಮುಖ್ಯ ಕಾರ್ಯಕ್ರಮದ ಹೆಸರು ಬಹುಕಾಲ ‘ಕನ್ವರ್ಟ್’ ಎಂದಿತ್ತು. ವಿಂಡೋಸ್‌ನ ಸ್ವಂತ ಕೋಶದಲ್ಲಿಯೂ ಒಂದು ‘ಕನ್ವರ್ಟ್’ ಇದೆ. ಅದರ ಕೆಲಸ ಚಿತ್ರವನ್ನು ಮಾರ್ಪಡಿಸುವುದಲ್ಲ, ಇಡೀ ತಟ್ಟೆಯ ಕಡತ ವ್ಯವಸ್ಥೆಯನ್ನು ಎನ್‌ಟಿಎಫ್‌ಎಸ್ ಕ್ರಮಕ್ಕೆ ಮಾರ್ಪಡಿಸುವುದು. ಲಿನಕ್ಸ್‌ನಲ್ಲಿ ಬರೆದು ಪರೀಕ್ಷಿಸಿದ ಮೇಸ್ತ್ರಿ ಕಾರ್ಯಕ್ರಮವನ್ನು ವಿಂಡೋಸ್ ಗಣಕಕ್ಕೆ ತಂದರೆ, ‘ಪಾತ್’ ಪಟ್ಟಿಯ ತಲೆಯಲ್ಲಿ ಇಮೇಜ್‌ಮ್ಯಾಜಿಕ್ ಕೋಶವನ್ನು ಇಟ್ಟಿದ್ದರೂ, ಎದ್ದು ಬರುವುದು ತಟ್ಟೆಯ ‘ಕನ್ವರ್ಟ್’. ಪುಟದ ಹೆಸರನ್ನು ಕೊಟ್ಟಾಗ ಅದು ಅರ್ಥವಾಗದೆ ದೋಷ ಸಾರಿ ನಿಲ್ಲುತ್ತದೆ ಎಂಬುದು ಪುಣ್ಯ. 2016ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ‘ಮ್ಯಾಜಿಕ್’ ಎಂಬ ಹೊಸ ಹೆಸರನ್ನು ಮುಂದಕ್ಕೆ ತರಲಾಯಿತು. ‘ಫೈಂಡ್’ ಮತ್ತು ‘ಸಾರ್ಟ್’ ಎಂಬ ಹೆಸರುಗಳಿಗೂ ಎರಡು ಕಡೆ ಎರಡು ಜನ್ಮಗಳಿವೆ: ಯುನಿಕ್ಸ್‌ನ ‘ಫೈಂಡ್’ ಕಡತಗಳನ್ನು ಹುಡುಕುತ್ತದೆ, ವಿಂಡೋಸ್‌ನದು ಕಡತದೊಳಗಿನ ಮಾತುಗಳನ್ನು ಹುಡುಕುತ್ತದೆ. ಎ.ಕ. 6 ಎಂದರೆ ಕಡೂರೋ ಕೃಷ್ಣರಾಜಪೇಟೆಯೋ ಎಂಬ ಪ್ರಶ್ನೆಯಂತೆಯೇ ಇದು. ಸಂದರ್ಭ ತಿಳಿಯದೆ ಉತ್ತರವಿಲ್ಲ.

ಮ್ಯಾಕ್ ಗಣಕದಲ್ಲಿ ತೊಡಕಿನ ಸ್ವರೂಪ ಬೇರೆ. ಅಲ್ಲಿ ಹೋಮ್‌ಬ್ರೂ ಎಂಬ ಏರ್ಪಾಡಿನ ಮೂಲಕ ಟೆಸೆರಾಕ್ಟ್ ಪಡೆಯುವುದು ವಾಡಿಕೆ. ಇಂಟೆಲ್ ಗಣಕಗಳಲ್ಲಿ ಅದು ‘ಯುಎಸ್‌ಆರ್ ಲೋಕಲ್’ ಕೋಶಕ್ಕೂ, 2020ರಿಂದ ಬಂದ ಆಪಲ್‌ನ ಸ್ವಂತ ಸಂಸ್ಕಾರಕದ ಗಣಕಗಳಲ್ಲಿ ‘ಆಪ್ಟ್ ಹೋಮ್‌ಬ್ರೂ’ ಕೋಶಕ್ಕೂ ಸೇರುತ್ತದೆ. ಪರದೆಯ ಚಿಹ್ನೆಯನ್ನು ಒತ್ತಿ ತೆರೆದ ತಂತ್ರಾಂಶಕ್ಕೆ ದೊರೆಯುವ ‘ಪಾತ್’ ಪಟ್ಟಿ ಬಹು ಕಿರಿದು. ಈ ಎರಡು ಕೋಶಗಳೂ ಅದರಲ್ಲಿರುವುದಿಲ್ಲ. ಲಿನಕ್ಸ್‌ನಲ್ಲಿ ರಾತ್ರಿ ತಾನಾಗಿ ನಡೆಯುವಂತೆ ಗೊತ್ತುಮಾಡಿದ ಕೆಲಸಗಳಿಗೂ ಇಂಥದೇ ಕಿರಿಯ ಪಟ್ಟಿ ಸಿಗುತ್ತದೆ. ಇಲ್ಲಿನ ಫಲ ಅಪಾಯಕ್ಕಿಂತ ಹೆಚ್ಚಾಗಿ ‘ಸಿಗಲಿಲ್ಲ’ ಎಂಬ ವರದಿ; ಬೇಸರದ ಸಂಗತಿಯಾದರೂ ಪ್ರಾಮಾಣಿಕವಾದುದು.

ನಿಂತ ನೆಲದ ಅಪಾಯ

ಸಂಶೋಧಕನೊಬ್ಬನು ಪುಟಚಿತ್ರಗಳನ್ನು ಪರಿಷ್ಕೃತ ಸಂಪುಟಗಳ ಸಂಕೇತಗಳನ್ನೇ ಅನುಸರಿಸಿ ‘ಶ್ರೀಪ’, ‘ಪಾಂಪು’, ‘ಕೃಪೇ’, ‘ನಾಮಂ’ ಎಂಬ ನಾಲ್ಕು ಕೋಶಗಳಲ್ಲಿ ಇಟ್ಟುಕೊಂಡಿದ್ದಾನೆಂದು ಭಾವಿಸಬಹುದು. ಮೇಸ್ತ್ರಿ ಕಾರ್ಯಕ್ರಮವು ಒಂದೊಂದು ಕೋಶದೊಳಕ್ಕೆ ಹೋಗಿ ನಿಂತು ಅಲ್ಲಿಂದ ಟೆಸೆರಾಕ್ಟನ್ನು ಕರೆಯುತ್ತದೆ. ಈ ಪೈಕಿ ‘ಪಾಂಪು’ ಕೋಶ ಬೇರೊಬ್ಬರಿಂದ ಪೆನ್‌ಡ್ರೈವಿನಲ್ಲಿ ಬಂದುದು. ಅದರೊಳಗೆ ನೂರಾರು ಚಿತ್ರಗಳ ನಡುವೆ ಟೆಸೆರಾಕ್ಟ್ ಎಂಬ ಹೆಸರಿನ ಇಎಕ್ಸ್‌ಇ ಕಡತವೊಂದಿದೆ. ಶ್ರೀರಂಗಪಟ್ಟಣದ ಪುಟಗಳನ್ನು ಗಣಕದಲ್ಲಿ ಸ್ಥಾಪಿತವಾದ ನಿಜವಾದ ತಂತ್ರಾಂಶ ಓದುತ್ತದೆ. ಪಾಂಡವಪುರಕ್ಕೆ ಬಂದಾಗ ಪ್ರಸ್ತುತ ಕೋಶಕ್ಕೆ ಮೊದಲ ಮಣೆ ಹಾಕುವ ವಿಂಡೋಸ್ ಅಲ್ಲಿಯ ಅಪರಿಚಿತ ಕಡತವನ್ನು ನಡೆಸಿಬಿಡುತ್ತದೆ. ಅದು ಹಳೆಯ ಆವೃತ್ತಿಯ ಪ್ರತಿಯಾಗಿರಬಹುದು, ವೈರಸ್ ಆಗಿರಬಹುದು. ಯಾರೂ ಅದನ್ನು ಒತ್ತಿ ತೆರೆದಿಲ್ಲ. ಚಿತ್ರಗಳನ್ನು ಓದಲು ಹೇಳಿದ್ದಷ್ಟೇ.

ಇದು ಕೇವಲ ಊಹೆಯಲ್ಲ. ಗಿಟ್ ಎಂಬ ಕಡತ ಇತಿಹಾಸ ತಂತ್ರಾಂಶವನ್ನು ಕರೆಯುವ ಗಿಟ್‌ಪೈಥಾನ್ ಗ್ರಂಥಾಲಯದಲ್ಲಿ 2023ರಲ್ಲಿ ವರದಿಯಾದ ದೋಷ ಇದೇ ಬಗೆಯದು: ವಿಂಡೋಸ್‌ನಲ್ಲಿ ಹೊರಗಿನಿಂದ ಪಡೆದ ಕೋಶದಲ್ಲಿ ಗಿಟ್ ಹೆಸರಿನ ಕಡತವಿದ್ದರೆ ನಿಜವಾದ ಗಿಟ್ ಬದಲು ಅದೇ ನಡೆಯುತ್ತಿತ್ತು. ಗೋ ಭಾಷೆಯ ನಿರ್ಮಾಪಕರು 2021ರಲ್ಲಿ ತಮ್ಮ ಸಾಧನಗಳಲ್ಲಿ ಇಂಥ ಲೋಪವನ್ನು ಸರಿಪಡಿಸಿದರು, 2022ರ 1.19ನೆಯ ಆವೃತ್ತಿಯಿಂದ ಹೆಸರು ಪ್ರಸ್ತುತ ಕೋಶದಲ್ಲಿ ಸಿಕ್ಕಿದರೆ ನಡೆಸದೆ ದೋಷ ಸಾರುವಂತೆ ಭಾಷೆಯ ನಡೆಯನ್ನೇ ಬದಲಿಸಿದರು. ಹಳೆಯ ಕಾರ್ಯಕ್ರಮಗಳು ಕೆಡುವ ಸಂಭವವಿದ್ದರೂ ಕೈಗೊಂಡ ಈ ನಿರ್ಧಾರ ಮೆಚ್ಚತಕ್ಕದ್ದು. ಪೈಥಾನ್‌ನಲ್ಲಿ ಹೆಸರಿನಿಂದ ನೆಲೆಯನ್ನು ತಿಳಿಸುವ ‘ವಿಚ್’ ಎಂಬ ಸೌಲಭ್ಯ 2012ರ 3.3ನೆಯ ಆವೃತ್ತಿಯಲ್ಲಿ ಬಂದಿತು. ವಿಂಡೋಸ್‌ನಲ್ಲಿ ಅದೂ ಪ್ರಸ್ತುತ ಕೋಶವನ್ನು ಮೊದಲು ನೋಡುತ್ತದೆ. ‘ಪ್ರಸ್ತುತ ಕೋಶ ಬೇಡ’ ಎಂದು ವಿಂಡೋಸ್‌ಗೆ ತಿಳಿಸುವ ಪರಿಸರ ಸೂಚನೆಯೊಂದಿದ್ದು, ಪೈಥಾನ್ ಅದನ್ನು ಮನ್ನಿಸತೊಡಗಿದ್ದು 3.12ನೆಯ ಆವೃತ್ತಿಯಿಂದ. ಕಾರ್ಯಕ್ರಮಗಳಿಗಷ್ಟೇ ಅಲ್ಲದೆ ಅವು ಆಶ್ರಯಿಸುವ ಡಿಎಲ್‌ಎಲ್ ಕಡತಗಳಿಗೂ ಈ ವ್ಯಾಧಿ ತಗಲುತ್ತದೆಂದು ಮೈಕ್ರೋಸಾಫ್ಟ್ 2010ರ ಆಗಸ್ಟ್‌ನಲ್ಲಿ ಎಚ್ಚರಿಕೆ ಪ್ರಕಟಿಸಿತ್ತು.

ಕೋಶದ ಹೆಸರಿನಲ್ಲಿರುವ ತೆರಪೂ ಇಲ್ಲಿ ಗಣನೀಯ. ‘ಶಾಸನ ಸಂಪುಟ’ ಎಂದು ಎರಡು ಪದಗಳ ಕೋಶದಲ್ಲಿ ಒಂದು ಕಾರ್ಯಕ್ರಮವಿದ್ದು, ಅದರ ಪೂರ್ಣ ನೆಲೆಯನ್ನು ಉದ್ಧರಣ ಚಿಹ್ನೆಗಳಿಲ್ಲದೆ ಕೊಟ್ಟರೆ, ವಿಂಡೋಸ್ ಮೊದಲ ತೆರಪಿನಲ್ಲಿಯೇ ಹೆಸರು ಮುಗಿಯಿತೆಂದು ಬಗೆದು ‘ಶಾಸನ’ ಎಂಬ ಇಎಕ್ಸ್‌ಇ ಇದೆಯೇ ಎಂದು ನೋಡುವುದುಂಟು. ‘ಕೆ.ಆರ್. ಪೇಟೆ’ ಎಂದು ಬರೆಯುವವರು ತೆರಪಿನ ಜೊತೆಗೆ ಬಿಂದುಗಳನ್ನೂ ಸೇರಿಸುತ್ತಾರೆ. ಬಿಂದುವಿನ ಮುಂದಿನದು ಬಾಲವೆಂದು ತಿಳಿಯುವ ತಂತ್ರಾಂಶಗಳು ‘ಕೆ’ ಎಂಬುದನ್ನಷ್ಟೇ ಉಳಿಸಿಕೊಳ್ಳಬಹುದು. ಯುನಿಕೋಡ್ ತಿಳಿಯದ ಹಳೆಯ ತಂತ್ರಾಂಶಗಳಿಗೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕೋಶಗಳಿಗೆ ಕನ್ನಡದ ಹೆಸರಿಡಬಾರದೆಂದು ಇದರ ಅರ್ಥವಲ್ಲ. ಓದಬೇಕಾದ ಚಿತ್ರಗಳ ಕೋಶ ಕನ್ನಡದಲ್ಲಿರಲಿ, ಓದುವ ತಂತ್ರಾಂಶದ ಕೋಶ ತಯಾರಕರು ಇಟ್ಟ ಜಾಗದಲ್ಲಿಯೇ ಇರಲಿ ಎಂಬುದು ಪ್ರಾಯೋಗಿಕವಾದ ಒಪ್ಪಂದ.

ಗುರುತಿಸುವ ಕ್ರಮ

ಮೊದಲ ನಿಯಮ, ಹೆಸರಿನಿಂದ ನೆಲೆಯನ್ನು ಒಮ್ಮೆ ಮಾತ್ರ ನಿರ್ಣಯಿಸುವುದು. ಅನಂತರ ಪ್ರತಿ ಪುಟಕ್ಕೂ ಆ ಪೂರ್ಣ ನೆಲೆಯನ್ನೇ ಬಳಸುವುದು. ನಿರ್ಣಯಿಸುವಾಗ ಪಟ್ಟಿಯ ಖಾಲಿ ಸ್ಥಾನಗಳನ್ನೂ ಬೇರಿನಿಂದ ಆರಂಭವಾಗದ ಅರೆ ನೆಲೆಗಳನ್ನೂ ಕೈಬಿಡಬೇಕು. ಪ್ರಸ್ತುತ ಕೋಶವನ್ನು ನೋಡಲೇಬಾರದು. ಸಿಕ್ಕಿದ್ದು ಕಡತವೇ ಎಂದು ಪರಿಶೀಲಿಸಬೇಕು, ಏಕೆಂದರೆ ಯುನಿಕ್ಸ್‌ನಲ್ಲಿ ಕೋಶಗಳಿಗೂ ‘ನಡೆಸುವ’ ಅನುಮತಿಯ ಗುರುತು ಇರುತ್ತದೆ; ಅಲ್ಲಿ ಅದರ ಅರ್ಥ ಒಳಹೋಗುವ ಅನುಮತಿ ಎಂದಷ್ಟೇ. ವಿಂಡೋಸ್‌ನಲ್ಲಿ ಇಂಥ ಗುರುತೇ ಇಲ್ಲದ ಕಾರಣ ಬಾಲವನ್ನು ಪೂರ್ತಿಯಾಗಿ ಬರೆದು ಕರೆಯುವುದು ಲೇಸು.

ಪೂರ್ಣ ನೆಲೆಯನ್ನು ಕಾರ್ಯಕ್ರಮದೊಳಗೇ ಕೆತ್ತಿಬಿಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದರೂ ಕಾಲೇಜಿನ ವಿಂಡೋಸ್ ಗಣಕ, ಗ್ರಂಥಾಲಯದ ಲಿನಕ್ಸ್, ಮನೆಯ ಮ್ಯಾಕ್ ಮೂರರಲ್ಲಿಯೂ ನೆಲೆ ಬೇರೆ ಬೇರೆ. ಸ್ಥಳನಾಮಗಳು ಒಂದೇ ತೆರನಾಗಿ ನಿಲ್ಲುವುದಿಲ್ಲವೆಂಬುದು ಈ ನಾಲ್ಕು ತಾಲ್ಲೂಕುಗಳ ಅಭ್ಯಾಸಿಗಳಿಗೆ ಹೇಳಬೇಕಾದುದಲ್ಲ: ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆ, ಪಾಂಡವಪುರ ಹಿಂದೆ ಹಿರೋಡೆ ಮತ್ತು ಫ್ರೆಂಚ್ ರಾಕ್ಸ್, ರೈಸ್ ಅವರ ಕಾಲಕ್ಕೆ ಇವೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದು ಮಂಡ್ಯ ಜಿಲ್ಲೆ ರೂಪುಗೊಂಡುದು 1939ರಲ್ಲಿ. ಆದ್ದರಿಂದ ನೆಲೆಯನ್ನು ಕಾರ್ಯಕ್ರಮದ ಹೊರಗೆ, ಆಯಾ ಗಣಕಕ್ಕೆ ಒಂದರಂತೆ, ಚಿಕ್ಕ ಸಂಯೋಜನಾ ಕಡತದಲ್ಲಿ ಬರೆದಿಡುವುದು ಉಚಿತ. ಹಳೆಯ ಹೆಸರಿನಿಂದ ಹೊಸ ನೆಲೆಗೆ ಕೈತೋರುವ ಕೊಂಡಿ ಕಡತಗಳು ಲಿನಕ್ಸ್‌ನಲ್ಲಿ ಹೇರಳವಾಗಿವೆ. ಅಂಥಲ್ಲಿ ಕೊಂಡಿಯನ್ನು ಹಿಂಬಾಲಿಸಿ ಅಂತಿಮ ನೆಲೆಯನ್ನೂ ದಾಖಲಿಸಬೇಕು.

ಆ ನೆಲೆಗೆ ಬರೆಯುವ ಹಕ್ಕು ಯಾರಿಗಿದೆ ಎಂಬುದು ಬಹುಮಂದಿ ಮರೆಯುವ ಅಂಶ. ನೆಲೆ ಪೂರ್ಣವಾಗಿದ್ದರೂ ಆ ಕೋಶಕ್ಕೆ ಯಾರು ಬೇಕಾದರೂ ಕಡತ ಹಾಕಬಹುದಾದರೆ ಪೂರ್ಣತೆಯಿಂದ ಪ್ರಯೋಜನವಿಲ್ಲ. ವಿಂಡೋಸ್‌ನ ‘ಪ್ರೋಗ್ರಾಮ್ ಫೈಲ್ಸ್’ ಕೋಶಕ್ಕೆ ಬರೆಯಲು ಮೇಲ್ವಿಚಾರಕನ ಅಧಿಕಾರ ಬೇಕು. ಸಿ ತಟ್ಟೆಯ ಬೇರಿನಲ್ಲಿ ಹೊಸದಾಗಿ ಮಾಡಿದ ಕೋಶಕ್ಕೆ ಆ ಗಣಕದ ಸಾಮಾನ್ಯ ಬಳಕೆದಾರರೂ ಬರೆಯಬಲ್ಲರು. ಅನುಕೂಲಕ್ಕೆಂದು ಅಂಥ ಕೋಶ ಮಾಡಿ, ಅದರಲ್ಲಿ ಸಲಕರಣೆಗಳನ್ನು ತುಂಬಿ, ‘ಪಾತ್’ ಪಟ್ಟಿಯ ಮೊದಲಿಗೆ ಸೇರಿಸುವ ಅಭ್ಯಾಸ ಹತ್ತಾರು ವಿದ್ಯಾರ್ಥಿಗಳು ಕೂರುವ ಪ್ರಯೋಗಾಲಯದಲ್ಲಿ ಸಲ್ಲದು. ಪರಿಶೀಲಿಸಿದ ಕ್ಷಣಕ್ಕೂ ನಡೆಸಿದ ಕ್ಷಣಕ್ಕೂ ನಡುವೆ ಕಡತ ಬದಲಾಗುವ ಸಣ್ಣ ಎಡೆಯೊಂದು ಸೈದ್ಧಾಂತಿಕವಾಗಿ ಉಳಿಯುತ್ತದೆ. ಕೋಶಕ್ಕೆ ಬರೆಯುವ ಹಕ್ಕು ಪರರಿಗಿಲ್ಲದಿದ್ದಲ್ಲಿ ಆ ಎಡೆಗೆ ಮಹತ್ವ ಉಳಿಯದು.

ಕರೆಯುವಾಗ ಪುಟದ ಹೆಸರು, ಭಾಷೆಯ ಸೂಚನೆ ಮೊದಲಾದವನ್ನು ಒಂದೇ ವಾಕ್ಯವಾಗಿ ಹೊಸೆಯದೆ ಬಿಡಿಬಿಡಿ ಅಂಶಗಳಾಗಿ ಒಪ್ಪಿಸಬೇಕು. ಆಗ ತೆರಪಿನ ತೊಡಕೂ ಆದೇಶ ಕಿಟಕಿಯ ಮಧ್ಯಸ್ಥಿಕೆಯೂ ತಪ್ಪುತ್ತವೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಸಂಶೋಧನೆಗೆ ಅದೇ ಮುಖ್ಯವಾದುದು. ಸುರಕ್ಷಿತವಾಗಿ ಸಿಕ್ಕಿದ ತಂತ್ರಾಂಶ ಬೇಕಾಗಿದ್ದ ಆವೃತ್ತಿಯದೇ? ಟೆಸೆರಾಕ್ಟ್‌ನ ನಾಲ್ಕನೆಯ ಆವೃತ್ತಿ 2018ರಲ್ಲಿ ನರಜಾಲ ಆಧಾರಿತ ಹೊಸ ಓದುವ ವಿಧಾನದೊಂದಿಗೆ ಬಂದಿತು. ಮೂರನೆಯ ಆವೃತ್ತಿಯ ವಿಧಾನ ಬೇರೆ. ಒಂದೇ ಗಣಕದಲ್ಲಿ ಎರಡೂ ಉಳಿದಿರುವುದು ಅಪರೂಪವಲ್ಲ. ಎರಡೂ ‘ಟೆಸೆರಾಕ್ಟ್’ ಎಂದೇ ಓಗೊಡುತ್ತವೆ, ಎರಡೂ ದೋಷ ಸಾರದೆ ಪಠ್ಯ ಕೊಡುತ್ತವೆ. ಪಠ್ಯಗಳು ಮಾತ್ರ ಒಂದೇ ಆಗಿರಬೇಕೆಂದಿಲ್ಲ. ಒತ್ತಕ್ಷರ ಬಿಟ್ಟುಹೋದರೆ ಓದುಗ ಊಹಿಸಿಕೊಂಡಾನು. ಶಕವರ್ಷದ ಅಂಕೆಯೊಂದು ಪಲ್ಲಟವಾದರೆ, ದತ್ತಿಯ ಗದ್ದೆಯ ಅಳತೆ ಬದಲಾದರೆ, ಅದನ್ನು ಹಿಡಿಯಲು ಮೂಲಪುಟವನ್ನೇ ನೋಡಬೇಕಾಗುತ್ತದೆ. ತಟ್ಟೆಯ ‘ಕನ್ವರ್ಟ್’ ಗದ್ದಲ ಮಾಡಿ ನಿಲ್ಲುತ್ತದೆ, ಹಳೆಯ ಆವೃತ್ತಿ ಸದ್ದಿಲ್ಲದೆ ತಪ್ಪುತ್ತದೆ. ಎರಡನೆಯದೇ ಹೆಚ್ಚು ಹಾನಿಕರ.

ಕನ್ನಡದ ದತ್ತಾಂಶ ಕಡತಕ್ಕೂ ಇದು ಅನ್ವಯಿಸುತ್ತದೆ. ನಿಖರತೆಗೆ ಒತ್ತು ಕೊಟ್ಟ ‘ಬೆಸ್ಟ್’, ವೇಗಕ್ಕೆ ಒತ್ತು ಕೊಟ್ಟ ‘ಫಾಸ್ಟ್’ ಎಂದು ಅದಕ್ಕೆ ಬೇರೆ ಬೇರೆ ಪಾಠಗಳಿವೆ; ಕಡತದ ಹೆಸರು ಮಾತ್ರ ಒಂದೇ. ಯಾವುದು ಬಳಕೆಯಾಗಬೇಕೆಂಬುದು ಮತ್ತೊಂದು ಪರಿಸರ ಸೂಚನೆ ತೋರುವ ಕೋಶವನ್ನು ಅವಲಂಬಿಸುತ್ತದೆ. ಕಾರ್ಯಕ್ರಮದ ನೆಲೆಯನ್ನು ಭದ್ರಪಡಿಸಿ ದತ್ತಾಂಶದ ನೆಲೆಯನ್ನು ಆಕಸ್ಮಿಕಕ್ಕೆ ಬಿಟ್ಟರೆ ಕೆಲಸ ಅರ್ಧವಾದಂತೆ.

ಆದ್ದರಿಂದ ಮೇಸ್ತ್ರಿ ಕಾರ್ಯಕ್ರಮವು ಮೊದಲ ಪುಟವನ್ನು ಓದಿಸುವ ಮುನ್ನ ತಂತ್ರಾಂಶದ ಆವೃತ್ತಿಯನ್ನು ಅದರ ಬಾಯಿಂದಲೇ ಕೇಳಿ, ನಿರೀಕ್ಷಿತ ಆವೃತ್ತಿಯಲ್ಲದಿದ್ದರೆ ಅಲ್ಲಿಗೇ ನಿಲ್ಲಬೇಕು. ಕೈಯಿಂದ ಪರೀಕ್ಷಿಸುವವರು ವಿಂಡೋಸ್‌ನ ಆದೇಶ ಕಿಟಕಿಯಲ್ಲಿ ‘ವೇರ್’ ಆದೇಶಕ್ಕೆ ಹೆಸರನ್ನು ಕೊಟ್ಟರೆ ಪ್ರಸ್ತುತ ಕೋಶದಲ್ಲಿಯೂ ‘ಪಾತ್’ ಪಟ್ಟಿಯಲ್ಲಿಯೂ ಆ ಹೆಸರಿನವು ಎಷ್ಟಿವೆಯೋ ಅಷ್ಟೂ ಸಾಲಾಗಿ ಕಾಣುತ್ತವೆ. ಒಂದಕ್ಕಿಂತ ಹೆಚ್ಚು ಸಾಲು ಬಂದರೆ ವಿಚಾರಣೆ ಅಗತ್ಯ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಟೈಪ್’ ಆದೇಶವನ್ನು ‘ಎಲ್ಲವನ್ನೂ ತೋರಿಸು’ ಎಂಬ ಸೂಚನೆಯೊಂದಿಗೆ ಕೊಟ್ಟರೆ ಅಡ್ಡಹೆಸರುಗಳೂ ಸೇರಿದಂತೆ ಇದೇ ಬಗೆಯ ಪಟ್ಟಿ ದೊರೆಯುತ್ತದೆ.

ಹೀಗೆ ಪಡೆದ ಪಠ್ಯವನ್ನು ಪ್ರಕಟಿಸುವಾಗ ಪ್ರತಿ ಶಾಸನದ ಕೆಳಗೆ ಎರಡು ಸಾಲುಗಳ ದಾಖಲೆ ಇರುವುದು ಅವಶ್ಯಕ. ಮೊದಲ ಸಾಲಿನಲ್ಲಿ ಆವೃತ್ತಿ, ಪ್ರಕಟಣೆಯ ವರ್ಷ, ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ: ‘ಎ.ಕ. 4, ನಾಗಮಂಗಲ 85’ ಎಂದು ನಿಲ್ಲಿಸದೆ ‘ರೈಸ್ ಆವೃತ್ತಿ, 1898’ ಎಂಬುದನ್ನೂ, ಪರಿಷ್ಕೃತ ಏಳನೆಯ ಸಂಪುಟದಲ್ಲಿ ಅದೇ ಶಾಸನಕ್ಕಿರುವ ಸಂಖ್ಯೆಯನ್ನೂ ಕಾಣಿಸುವುದು. ಎರಡನೆಯ ಸಾಲಿನಲ್ಲಿ ಓದಿದ ತಂತ್ರಾಂಶದ ಆವೃತ್ತಿ, ಅದು ದೊರೆತ ಪೂರ್ಣ ನೆಲೆ, ಕನ್ನಡ ದತ್ತಾಂಶದ ಪಾಠ, ಓದಿಸಿದ ದಿನಾಂಕ.